ತುರ್ತಾಗಿ ಪದ ಬೇಕು: ‘ಒತ್ತಿ, ಉಜ್ಜಬೇಡಿ’ (ಬಟ್ಟೆಯ ಆರೈಕೆ ಚೀಟಿಗೆ)

ಶಾಯಿಬಾಟಲಿ:

ಎಲ್ಲರಿಗೂ ನಮಸ್ಕಾರ. ಸಿದ್ಧ ಉಡುಪಿನ ಒಳಗೆ ಹೊಲಿಯುವ ಆರೈಕೆ ಚೀಟಿ, ಜತೆಗೆ ಕೊಡುವ ಒಂದು ಪುಟದ ಸೂಚನೆ, ಇವೆರಡನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಚಿತ್ರಗಳ ತಂಟೆಯಿಲ್ಲ. ನೀರಿನ ತೊಟ್ಟಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ, ಇವನ್ನು ಇದ್ದ ಹಾಗೇ ಇಡುತ್ತೇವೆ. ಪಕ್ಕದ ಮಾತಿನಲ್ಲೇ ಸಿಕ್ಕಿಕೊಂಡಿರುವುದು.

ಮೂಲದಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಹಿಂದೆ ಮುಂದೆ ಓಡಿಸುವುದಕ್ಕೆ ಒಂದು. ಒಂದೆಡೆ ಇಟ್ಟು, ಒತ್ತಿ, ಎತ್ತಿ, ಪಕ್ಕದಲ್ಲಿ ಮತ್ತೆ ಇಡುವುದಕ್ಕೆ ಇನ್ನೊಂದು. ಉಣ್ಣೆಗೆ ಎರಡನೆಯದು ಮಾತ್ರ ಮಾಡಿ ಎನ್ನುತ್ತದೆ ಮೂಲ. ನಮ್ಮಲ್ಲಿ ಎರಡಕ್ಕೂ ‘ಇಸ್ತ್ರಿ ಮಾಡು’. ‘ಇಸ್ತ್ರಿ ಮಾಡಿ, ಆದರೆ ಇಸ್ತ್ರಿ ಮಾಡಬೇಡಿ’ ಎಂದು ಬರೆಯಲೇ?

ಹಾಗೆಯೇ, ತಾನಾಗಿ ಬೀಳುವ ಮಡಿಕೆಗೂ ಪ್ಯಾಂಟಿನ ಮೇಲೆ ಬೇಕೆಂದೇ ಮೂಡಿಸುವ ಮಡಿಕೆಗೂ ಮೂಲದವರು ಒಂದೇ ಪದ ಬಳಸಿದ್ದಾರೆ. ಲಿನನ್ನಿಗೆ ಕನ್ನಡದಲ್ಲಿ ಏನನ್ನಬೇಕು? ಕೊನೆಯದಾಗಿ ಡ್ರೈ ಕ್ಲೀನಿಂಗ್. ಹಳೆಯ ಕರಡಿನಲ್ಲಿ ಯಾರೋ ‘ಒಣ ಒಗೆತ’ ಎಂದು ಬರೆದಿಟ್ಟಿದ್ದಾರೆ.

ವ್ಯುತ್ಪತ್ತಿ ಬೇಡ, ಪದ ಸಾಕು. ದಯವಿಟ್ಟು.

ಹಳೆಯ ಓದುಗ:

ವ್ಯುತ್ಪತ್ತಿ ಬೇಡವೆಂದರೆ ಪದ ಎಲ್ಲಿಂದ ಬರಬೇಕು, ಮೇಡಂ? ‘ಇಸ್ತ್ರಿ’ ಎಂದೊಡನೆ ಪೋರ್ಚುಗೀಸಿನ ‘ಎಸ್ತಿರಾರ್’ ಎಂದು ಕಣ್ಣುಮುಚ್ಚಿ ಹೇಳಿಬಿಡುತ್ತಾರೆ. ಸಂಸ್ಕೃತದ ‘ಸ್ತೃ’ ಧಾತುವನ್ನು ಯಾರೂ ನೋಡುವುದಿಲ್ಲ. ಹರಡು, ಹಾಸು ಎಂಬ ಅರ್ಥ. ವಿಸ್ತಾರ, ಆಸ್ತರಣ, ಪ್ರಸ್ತರ ಎಲ್ಲವೂ ಅಲ್ಲಿಂದಲೇ. ಪದದ ಮೊದಲಿಗೇ ಒತ್ತಕ್ಷರ ಬಂದರೆ ನಾಲಗೆ ಒಂದು ಇಕಾರವನ್ನು ಸೇರಿಸಿಕೊಳ್ಳುತ್ತದೆ, ‘ಇಸ್ಕೂಲು’ ಕೇಳಿಲ್ಲವೇ? ಬಟ್ಟೆಯನ್ನು ಹರಡಿ ಸಮಮಾಡುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮೂಲ ಬೇಕೇ? ಓಡಿಸುವುದಕ್ಕೆ ‘ಸ್ತರಿಸು’, ಒತ್ತುವುದಕ್ಕೆ ‘ನಿಪೀಡಿಸು’ ಎಂದು ಹಾಕಿ. ಗೊಂದಲವೇ ಇರದು.

ಕರಡುತಿದ್ದುವವ:

ಚೀಟಿ ಇರುವುದು ಎರಡು ಬೆರಳಗಲ. ‘ಉಣ್ಣೆಯನ್ನು ನಿಪೀಡಿಸಿ’ ಎಂದು ಓದಿದವರು ಕೋಟನ್ನು ಹಿಂಡಿಬಿಡುತ್ತಾರೆ. ‘ಎಸ್ತಿರಾರ್’ ಅಂದರೆ ಎಳೆ, ಚಾಚು. ಚಾವಿ, ಅಲಮಾರು ಬಂದ ದಾರಿಯಲ್ಲೇ ಇದೂ ಬಂದಿದ್ದರೆ ಯಾರಿಗೇನು ನಷ್ಟ?

ನುಡಿಹೊಲ:

ಒಬ್ಬರು ಸಕ್ಕದದ ಬಾಗಿಲು ತಟ್ಟುತ್ತಾರೆ, ಇನ್ನೊಬ್ಬರು ಪೋರ್ಚುಗೀಸರ ಹಡಗು ಹತ್ತುತ್ತಾರೆ. ತಮಿಳಿನಲ್ಲಿ ‘ತೇಯ್ಪ್ಪುಪ್ಪೆಟ್ಟಿ’, ಮಲಯಾಳದಲ್ಲಿ ‘ತೇಪ್ಪುಪೆಟ್ಟಿ’ ಇವೆ. ‘ತೇಯು’ ಎಂಬ ಎಸಕಪದ (ಕ್ರಿಯಾಪದ) ಕನ್ನಡಕ್ಕೂ ಇದೆಯಲ್ಲ? ‘ತೇಯ್ಪೆಟ್ಟಿಗೆ’ ಅನ್ನೋಣ, ಬಳಸಿದರೆ ಬಳಕೆಯಾಗುತ್ತದೆ. ಲಿನನ್ನಿಗೆ ‘ಅಗಸೆಬಟ್ಟೆ’. ಆ ನಾರು ಬರುವುದೇ ಅಗಸೆ ಗಿಡದ ದಂಟಿನಿಂದ, ಲ್ಯಾಟಿನ್ನಿನ ‘ಲೀನುಂ’ ಅಂದರೂ ಅಗಸೆಯೇ. ಡ್ರಯ್ ಕ್ಲೀನಿಂಗಿಗೆ ‘ನೀರಿರದೊಗೆತ’. ಎರವಲು ಒಂದೂ ಬೇಡ.

ಕರಡುತಿದ್ದುವವ:

ತೇಯುವುದು ಗಂಧದ ಕೊರಡನ್ನು. ತೇಯ್ದದ್ದು ಸವೆಯುತ್ತದೆ. ಬಟ್ಟೆ ಸವೆಯಬಾರದೆಂದೇ ಅಲ್ಲವೇ ಈ ಚೀಟಿ? ತಮಿಳಿನಲ್ಲಿ ಆ ಪದ ಬದುಕಿದೆ, ಸಂತೋಷ. ನಮ್ಮಲ್ಲಿ ‘ತೇಪು’ ಅಂದರೆ ಜನಕ್ಕೆ ತೇಪೆ ನೆನಪಾಗುತ್ತದೆ.

‘ಅಗಸೆ’ ಎಂದರೆ ಎಣ್ಣೆಬೀಜ, ಒಂದು ಮರ, ಉತ್ತರದ ಕಡೆ ಊರಬಾಗಿಲು ಕೂಡ. ‘ಅಗಸೆಬಟ್ಟೆ’ ಎಂದು ಅಚ್ಚು ಹಾಕಿದರೆ ಅದು ಅಗಸನ ಬಟ್ಟೆ ಎಂದೇ ಓದಿಸಿಕೊಳ್ಳುತ್ತದೆ. ‘ಲಿನನ್’ ಎಂದು ಬರೆದು ಮುಂದೆ ಹೋಗಿ.

ಹಳೆಯ ಓದುಗ:

ಅಗಸನ ಮಾತು ಬಂತು, ಆದ್ದರಿಂದ ಹೇಳಲೇಬೇಕು. ಹಳೆಯ ರೂಪ ‘ಅಸಗ’. 9ನೆಯ ಶತಮಾನದಲ್ಲಿ ಅದೇ ಹೆಸರಿನ ಕವಿಯೊಬ್ಬನಿದ್ದ. ಅಸಗ, ಅಗಸ: ವರ್ಣಪಲ್ಲಟಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು. ಬೀಜದ ‘ಅಗಸೆ’ಗೂ ಇವನಿಗೂ ಸಂಬಂಧವಿಲ್ಲ, ಅದು ‘ಅತಸೀ’ ಶಬ್ದದ ತದ್ಭವ. ಎರವಲು ಬೇಡವೆಂದವರು ಎರವಲನ್ನೇ ಅಚ್ಚಗನ್ನಡವೆಂದು ಕೊಟ್ಟಿದ್ದಾರೆ. ಅವರ ‘ತೇಯ್ಪೆಟ್ಟಿಗೆ’ಯಲ್ಲಿರುವ ಪೆಟ್ಟಿಗೆಗೂ ‘ಪೇಟಿಕಾ’ ಎಂಬ ತತ್ಸಮವನ್ನು ಹೇಳುತ್ತಾರೆ. ಕನ್ನಡಕ್ಕೆ ಸಂಸ್ಕೃತ ಬೆಸೆಯುವ ಅರಿಸಮಾಸದ ಮಾತನ್ನು ಈಗ ಎತ್ತುವುದಿಲ್ಲ.

ನುಡಿಹೊಲ:

ಎತ್ತಿದ್ದೂ ಆಯಿತು. ಪೆಟ್ಟಿಗೆ ಇಲ್ಲಿಂದ ಅಲ್ಲಿಗೆ ಹೋದದ್ದು, ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ ಎನ್ನುವವರೂ ಇದ್ದಾರೆ. ಅಗಸೆ ನೂರಾರು ವರುಶ ನಮ್ಮವರ ಬಾಯಲ್ಲಿ ಉರುಳಿ ದುಂಡಗಾದ ಪದ. ಅದು ನಮ್ಮದೇ.

ಕರಡುತಿದ್ದುವವ:

ಹಾಗಾದರೆ ‘ಇಸ್ತ್ರಿ’ ಯಾಕೆ ನಿಮ್ಮದಲ್ಲ? ಬಾಯಲ್ಲಿ ಎಷ್ಟು ವರ್ಷ ಉರುಳಿದರೆ ಪೌರತ್ವ ಕೊಡುತ್ತೀರಿ?

ಶಾಯಿಬಾಟಲಿ:

ದಯವಿಟ್ಟು. ಉಣ್ಣೆಯ ಸಾಲು ಇನ್ನೂ ಖಾಲಿ ಇದೆ.

ಸೂಜಿದಾರ:

ಹೊಲಿಗೆಯವಳು ನಾನು, ವ್ಯಾಕರಣ ನಿಮಗೇ ಇರಲಿ. ಕೆಲಸ ಕಲಿಸುವಾಗ ನಾವು ಹೇಳುವುದು ‘ಎಳೀಬೇಡ, ಒತ್ತಿ ಎತ್ತು’ ಎಂದು. ‘ಒತ್ತಿ ಎತ್ತಿ, ಉಜ್ಜಬೇಡಿ’ ಎಂದು ಬರೆಯಿರಿ. ಕೈ ಹೇಗೆ ಆಡಬೇಕು ಅನ್ನುವುದು ಆ ಎರಡು ಪದದಲ್ಲೇ ಬಂತು. ‘ಒತ್ತಿ’ ಒಂದನ್ನೇ ಬಿಟ್ಟರೆ ಜನ ಒತ್ತಿಕೊಂಡೇ ಎಳೆಯುತ್ತಾರೆ. ಅದು ಇನ್ನೂ ಕೆಟ್ಟದ್ದು.

ಉಣ್ಣೆಗೆ ಯಾಕೆ ಹೀಗೆ ಅಂದರೆ, ಬಿಸಿಯೂ ಹಬೆಯೂ ಸೇರಿದಾಗ ಅದು ಹೇಳಿದ ಹಾಗೆ ಕೇಳುತ್ತದೆ. ಎಳೆದರೆ ಎಳೆದ ಕಡೆಗೇ ಹಿಗ್ಗಿ ನಿಲ್ಲುತ್ತದೆ. ಕೋಟಿನ ಕಾಲರ್ ಅಲೆ ಅಲೆಯಾಗಿರುವುದನ್ನು ನೋಡಿರುತ್ತೀರಿ, ಅದು ಉಜ್ಜಿದವರ ಕೈವಾಡ. ಒದ್ದೆ ಮಾಡಿ ಹಿಂಡಿದ ತೆಳು ಹತ್ತಿಬಟ್ಟೆಯನ್ನು ಮೇಲೆ ಹಾಸಬೇಕು. ಪೆಟ್ಟಿಗೆ ಇಟ್ಟು, ಹಬೆ ಬುಸ್ಸೆಂದ ಮೇಲೆ ಎತ್ತಬೇಕು. ಆ ಜಾಗ ಆರುವವರೆಗೆ ಕದಲಿಸಬಾರದು. ಮೇಲೆ ಬಟ್ಟೆ ಹಾಸದಿದ್ದರೆ ಕಡು ಬಣ್ಣದ ಉಣ್ಣೆಯಲ್ಲಿ ಹೊಳಪು ಏಳುತ್ತದೆ; ಎಳೆಗಳ ನೆತ್ತಿ ಚಪ್ಪಟೆಯಾಗಿ ಬೆಳಕು ಹೊಡೆಯುವುದು ಅದು, ಸುಲಭಕ್ಕೆ ಹೋಗುವುದಿಲ್ಲ.

ಹತ್ತಿಯದು ಬೇರೆಯೇ ನ್ಯಾಯ. ಹತ್ತಿಯ ಎಳೆಯೊಳಗಿನ ಅಣುಸರಪಳಿಗಳನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು. ನೀರು ತಾಗಿದರೆ ಅವು ಸಡಿಲ ಬೀಳುತ್ತವೆ, ಆರುವಾಗ ಬಟ್ಟೆ ಹೇಗಿದೆಯೋ ಹಾಗೆಯೇ ಮತ್ತೆ ಕೂರುತ್ತವೆ. ಮುದುಡಿ ಒಣಗಿದರೆ ಮುದುಡಿಯೇ. ಇಸ್ತ್ರಿಯೆಂದರೆ ಹಾಸಿ, ಒತ್ತಿ, ಆ ಜಾಗದಲ್ಲೇ ಒಣಗಿಸುವುದು. ಹಾಗಾಗಿ ಹತ್ತಿಗೂ ಲಿನನ್ನಿಗೂ ‘ಪಸೆ ಇರುವಾಗಲೇ’ ಎಂದು ಬರೆಯಿರಿ. ಪೂರಾ ಒಣಗಿದ ಲಿನನ್ನಿನ ಮೇಲೆ ಎಷ್ಟು ತಿಕ್ಕಿದರೂ ಕೈನೋವು ಮಾತ್ರ. ರೇಷ್ಮೆಗೆ ಒಳಮೈ ಮೇಲೆ, ಕಡಿಮೆ ಬಿಸಿ. ನೀರು ಚಿಮುಕಿಸಬೇಡಿ ಎನ್ನುವುದು ಬಿಟ್ಟುಹೋಗದಿರಲಿ, ಬಿದ್ದ ಹನಿಯೆಲ್ಲ ಕಲೆಯಾಗಿ ಕೂರುತ್ತದೆ.

ಇನ್ನು ಮಡಿಕೆಯ ಪ್ರಶ್ನೆ. ಮೂಲದವರು ಒಂದೇ ಪದ ಹಾಕಿದ್ದರೆ ಅದು ಅವರ ಬಡತನ. ಸುಕ್ಕು ಬೀಳುತ್ತದೆ. ಗೆರೆ ಕೂರಿಸುತ್ತೇವೆ. ನಿರಿಗೆ ಹಿಡಿಯುತ್ತೇವೆ. ಪಾಲಿಯೆಸ್ಟರ್‌ಗೆ ಈ ವ್ಯತ್ಯಾಸ ಬಹಳ ಮುಖ್ಯ. ಆ ಎಳೆ ಬಿಸಿಗೆ ಮೆತ್ತಗಾಗಿ, ಆರಿದಾಗ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹೆಚ್ಚು ಬಿಸಿಯಲ್ಲಿ ತಪ್ಪು ಜಾಗದಲ್ಲಿ ಗೆರೆ ಕೂತರೆ ಒಗೆದರೂ ಹೋಗದು. ‘ಸುಕ್ಕು ಬಿಡಿಸಿದ ಮೇಲೆ ಗೆರೆ ಕೂರಿಸಿ’ ಎಂದು ಬರೆದರೆ ಓದಿದವರಿಗೆ ತಿಳಿಯುತ್ತದೆ.

ಡ್ರೈ ಕ್ಲೀನಿಂಗಿನಲ್ಲಿ ಒಣದ್ದೇನೂ ಇಲ್ಲ. ಬಟ್ಟೆ ದ್ರವದಲ್ಲೇ ಮುಳುಗಿ ಹೊರಳುತ್ತದೆ. ಆ ದ್ರವ ನೀರಲ್ಲ, ಅಷ್ಟೇ. ವೃತ್ತದೊಳಗೆ ‘ಪಿ’ ಅಕ್ಷರ ಇದ್ದರೆ ಪರ್‌ಕ್ಲೋರೋಎಥಿಲೀನ್ ಎಂಬ ದ್ರವ ಬಳಸಬಹುದು ಎಂದರ್ಥ, ‘ಎಫ್’ ಇದ್ದರೆ ಹೈಡ್ರೋಕಾರ್ಬನ್. ‘ಡಬ್ಲ್ಯು’ ಇದ್ದರೆ ನುರಿತವರು ನೀರಿನಲ್ಲೇ ಒಗೆಯುತ್ತಾರೆ. ಒಣ ಒಗೆತ ಸುಳ್ಳು ಮಾತು.

ನುಡಿಹೊಲ:

ನೀರಿಲ್ಲ ಎಂದು ನೀವೇ ಹೇಳಿದಿರಿ. ‘ನೀರಿರದೊಗೆತ’ದಲ್ಲಿ ಸುಳ್ಳು ಎಲ್ಲಿದೆ?

ಸೂಜಿದಾರ:

ಸುಳ್ಳಿಲ್ಲ. ಆದರೆ ಆ ಹೆಸರಿಟ್ಟುಕೊಂಡು ಬಟ್ಟೆಯನ್ನು ಯಾರ ಕೈಗೆ ಕೊಡಬೇಕು? ಅಂಗಡಿಯ ಹಲಗೆಯ ಮೇಲೆ ಬೇರೆ ಹೆಸರಿರುತ್ತದೆ. ಹೆಸರು ಅರ್ಥವಾಗದೆ ಮನೆಯಲ್ಲೇ ನೆನೆಹಾಕಿದರೆ ಕೋಟು ಹಾಳಾಯಿತು.

ಹಳೆಯ ಓದುಗ:

‘ಪಸೆ’ ಎಂದಿರಿ, ಬಹಳ ಸಂತೋಷ. ಈಗ ಈ ಪದ ಬಳಸುವವರೇ ಕಡಿಮೆ. ಒಂದು ಸಂದೇಹ. ಶಾಯಿಬಾಟಲಿಯವರ ಚೀಟಿಯಲ್ಲಿ ‘ಕೈಯಲ್ಲಿ ಒಗೆಯಿರಿ’ ಎಂದಿರಬೇಕಲ್ಲ? ‘ಒಗೆ’ಯಲ್ಲಿ ಎತ್ತಿ ಹೊಡೆಯುವ ಅರ್ಥ ಇನ್ನೂ ಉಸಿರಾಡುತ್ತಿದೆ. ಉತ್ತರದ ಕಡೆ ‘ಒಗಿ’ ಎಂದರೆ ಎಸೆ ಎಂದೂ ಆಗುತ್ತದೆ. ರೇಷ್ಮೆಗೆ ಈ ಕ್ರಿಯಾಪದ ಸಲ್ಲುವುದೇ?

ಸೂಜಿದಾರ:

ಇದು ಒಳ್ಳೆಯ ಪ್ರಶ್ನೆ. ಸಲ್ಲದು. ‘ಅಲುಬಿ’ ಎನ್ನಿ, ಅಥವಾ ‘ನೀರಿನಲ್ಲಿ ಅದ್ದಿ ಜಾಲಾಡಿಸಿ, ಹಿಂಡಬೇಡಿ’ ಎನ್ನಿ. ಉಣ್ಣೆಗಂತೂ ‘ಒಗೆ’ ಬೇಡವೇ ಬೇಡ. ಅದರ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸಣ್ಣ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ಕುಕ್ಕಿದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಟ್ಟೆ ಕಂಬಳಿಯಾಗುತ್ತದೆ. ಕುಗ್ಗಿದ್ದು ಮತ್ತೆ ಹಿಗ್ಗದು. ವಿಸ್ಕೋಸ್, ಅಂದರೆ ರೇಯಾನ್, ಒದ್ದೆಯಿದ್ದಾಗ ಬಲ ಕಳೆದುಕೊಳ್ಳುತ್ತದೆ, ಹಿಂಡಿದರೆ ಹರಿಯಲೂಬಹುದು.

ಶಾಯಿಬಾಟಲಿ:

ಎಲ್ಲರಿಗೂ ಋಣಿ. ಇನ್ನೆರಡೇ. ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗಿನ ಚುಕ್ಕೆಗಳಿಗೆ ಕರಡಿನಲ್ಲಿ ‘ಬೆಚ್ಚಗೆ, ಬಿಸಿ, ಸುಡುಬಿಸಿ’ ಎಂದಿದೆ. ಇರಲೇ? ಎರಡು ಎಳೆ ಬೆರೆಸಿ ನೇಯ್ದ ಬಟ್ಟೆಗೆ ಏನು ಹೇಳಲಿ?

ಕರಡುತಿದ್ದುವವ:

ಬೆಚ್ಚಗೆ ಬೇಡ. ಒಂದು ಚುಕ್ಕೆಯೆಂದರೆ ಪೆಟ್ಟಿಗೆಯ ತಳ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200, ಬಹುಕಾಲದಿಂದ ನಡೆದುಬಂದ ಲೆಕ್ಕವಿದು. 110 ಡಿಗ್ರಿಯನ್ನು ಕನ್ನಡದಲ್ಲಿ ಯಾರೂ ಬೆಚ್ಚಗೆ ಎನ್ನುವುದಿಲ್ಲ. ‘ಸುಡುಬಿಸಿ’ ಎಂದರೆ ಸುಡಲಿ ಎಂದು ನೀವೇ ಹೇಳಿದ ಹಾಗೆ. ‘ಕಡಿಮೆ ಬಿಸಿ, ನಡುಬಿಸಿ, ಹೆಚ್ಚು ಬಿಸಿ’. ನುಡಿಹೊಲದವರೂ ಒಪ್ಪಿಯಾರು, ಒಂದೂ ಎರವಲಿಲ್ಲ.

ನುಡಿಹೊಲ:

ಒಪ್ಪಿದೆ. ‘ಡಿಗ್ರಿ ಸೆಲ್ಸಿಯಸ್’ ಬಿಟ್ಟು.

ಸೂಜಿದಾರ:

ಬೆರಕೆ ಬಟ್ಟೆಗೆ, ಎರಡರಲ್ಲಿ ಯಾವ ಎಳೆ ಬಿಸಿ ತಾಳದೋ ಅದರ ಲೆಕ್ಕ ಹಿಡಿಯಬೇಕು. ಹತ್ತಿ ಹೆಚ್ಚು, ಪಾಲಿಯೆಸ್ಟರ್ ಕಡಿಮೆ ಇದ್ದರೂ ಪಾಲಿಯೆಸ್ಟರಿನ ಬಿಸಿಯೇ. ಒಂದು ರಾಶಿ ಬಟ್ಟೆಯಿದ್ದರೆ ಕಡಿಮೆ ಬಿಸಿಯವನ್ನು ಮೊದಲು ಮುಗಿಸಿ ಹತ್ತಿಗೆ ಬನ್ನಿ, ಏಕೆಂದರೆ ಪೆಟ್ಟಿಗೆ ಬೇಗ ಕಾಯುತ್ತದೆ, ಆರುವುದು ನಿಧಾನ. ಒಂದು ಚುಕ್ಕೆಯ ಬಟ್ಟೆಗೆ ಹಬೆಯೂ ಬೇಡ. ಮಖಮಲ್ಲಿಗೆ ಮಾತ್ರ ಒತ್ತಿ ಎತ್ತುವುದೂ ಕೂಡದು, ಜುಂಗು ಮಲಗಿಬಿಡುತ್ತದೆ. ತೂಗುಹಾಕಿ ದೂರದಿಂದ ಹಬೆ ತೋರಿಸಿದರೆ ಸಾಕು.

ಶಾಯಿಬಾಟಲಿ:

ಕಳುಹಿಸಿದ್ದು ಹೀಗೆ:

ಉಣ್ಣೆ: ಮೇಲೆ ಒದ್ದೆಬಟ್ಟೆ ಹಾಸಿ, ಒತ್ತಿ ಎತ್ತಿ. ಉಜ್ಜಬೇಡಿ.
ರೇಷ್ಮೆ: ಒಳಮೈ ಮೇಲೆ, ಕಡಿಮೆ ಬಿಸಿ. ನೀರು ಚಿಮುಕಿಸಬೇಡಿ.
ಹತ್ತಿ, ಲಿನನ್: ಪಸೆ ಇರುವಾಗಲೇ, ಹೆಚ್ಚು ಬಿಸಿ.
ಪಾಲಿಯೆಸ್ಟರ್ ಮತ್ತು ಬೆರಕೆ: ಕಡಿಮೆ ಬಿಸಿ. ಸುಕ್ಕು ಬಿಡಿಸಿದ ಮೇಲೆ ಗೆರೆ ಕೂರಿಸಿ.
ಕೋಟು: ಡ್ರೈ ಕ್ಲೀನಿಂಗ್ ಮಾತ್ರ.

ನುಡಿಹೊಲ:

ಅಯ್ದು ಸಾಲಿನಲ್ಲಿ ಲಿನನ್, ಪಾಲಿಯೆಸ್ಟರ್, ಕೋಟು, ಡ್ರಯ್ ಕ್ಲೀನಿಂಗ್. ಬಟ್ಟೆಯ ಮಾತಾಡಲು ಇನ್ನೊಬ್ಬರ ನುಡಿ ಬೇಕಾದರೆ ನಮ್ಮದು ಯಾಕೆ ಬೇಕು?

ಕರಡುತಿದ್ದುವವ:

‘ಒತ್ತಿ ಎತ್ತಿ’, ‘ಪಸೆ’, ‘ಒಳಮೈ’, ‘ಚಿಮುಕಿಸು’, ‘ಗೆರೆ ಕೂರಿಸು’ ನಿಮ್ಮ ಕಣ್ಣಿಗೆ ಬೀಳಲಿಲ್ಲ. ನಾಮಪದಗಳನ್ನಷ್ಟೇ ಎಣಿಸುವವರಿಗೆ ಹಾಗೇ ಆಗುತ್ತದೆ. ಸಾಮಾನು ಹೊರಗಿಂದ ಬರುತ್ತದೆ, ಹೆಸರೂ ಅದರ ಜತೆಗೇ ಬರುತ್ತದೆ. ಕ್ರಿಯಾಪದ ಎರವಲಾಗತೊಡಗಿದಾಗ ಹೇಳಿ, ನಾನೂ ಗಾಬರಿಯಾಗುತ್ತೇನೆ.

ನುಡಿಹೊಲ:

ಎರವಲಾಗಿ ಎಶ್ಟೋ ಕಾಲವಾಯಿತು. ‘ಅಯರನ್ ಮಾಡು’ ಅನ್ನುವವರನ್ನು ನೀವು ಕೇಳಿಯೇ ಇಲ್ಲವೇ?

ಕರಡುತಿದ್ದುವವ:

ಅಲ್ಲಿ ಕ್ರಿಯಾಪದ ‘ಮಾಡು’.

ಹಳೆಯ ಓದುಗ:

ಒಂದು ಮಾತು ಬಿಟ್ಟುಹೋಯಿತು. ಕೋಟಿನ ಒಳಪದರಕ್ಕೆ ದರ್ಜಿಗಳು ಹೇಳುವ ‘ಅಸ್ತರು’ ಪಾರ್ಸಿಯ ‘ಆಸ್ತರ್’. ಅದನ್ನು ನಮ್ಮ ‘ಆಸ್ತರಣ’ದ ಪಕ್ಕದಲ್ಲಿಟ್ಟು ನೋಡಿ. ಅಸ್ತರು, ಆಸ್ತರಣ, ಇಸ್ತ್ರಿ. ‘ಸ್ತೃ’ ಧಾತುವಿನ ಬಗ್ಗೆ ನಾನು ಮೊದಲೇ ಹೇಳಿದ್ದೆ.

ಕರಡುತಿದ್ದುವವ:

ಅದಕ್ಕೆ ಬೇರೆ ಶೀರ್ಷಿಕೆ ಹಾಕಿ ಬರೆಯಿರಿ, ಸ್ವಾಮಿ. ಈ ಚೀಟಿ ಅಚ್ಚಿಗೆ ಹೋಗಿಯಾಯಿತು.