ಚಳಿಗೆ ಎಬಿಎಸ್ ಲೈಟ್ ಆರುತ್ತಿಲ್ಲ, ಯಾರಿಗಾದರೂ ಹೀಗಾಗಿದೆಯಾ?

ಜಮಖಂಡಿಯಿಂದ ಕೇಳುತ್ತಿದ್ದೇನೆ:

ನಮ್ಮದು 2018ರ ಡೀಸೆಲ್ ಕಾರು, 78,000 ಕಿ.ಮೀ. ಓಡಿದೆ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ವಿಜಯಪುರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ದೀಪಾವಳಿ ಮುಗಿದು ಚಳಿ ಬಿದ್ದಾಗಿನಿಂದ ಎಬಿಎಸ್‌ನ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ) ಹಳದಿ ಲೈಟ್ ಬೆಳಗ್ಗೆ ಆರುವುದೇ ಇಲ್ಲ. ಮಧ್ಯಾಹ್ನ ವಾಪಸ್ ಬರುವಾಗ ಆರಿರುತ್ತದೆ. ಹಾಗೆ ಆರಿದ್ದಾಗ ಇನ್ನೊಂದು ಕಾಟ. ಒಣ ರಸ್ತೆಯಲ್ಲಿ ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಪೆಡಲ್ ಕಾಲಡಿ ಗರಗರ ಅನ್ನುತ್ತದೆ, ಗಾಡಿ ಒಂದು ಮೊಳ ಮುಂದೆ ಹೋಗಿ ನಿಲ್ಲುತ್ತದೆ. ಒಂದು ಗ್ಯಾರೇಜಿನಲ್ಲಿ ಎಬಿಎಸ್ ನಡೆಸುವ ಯೂನಿಟ್ಟೇ ಹೋಗಿದೆ, 40 ಸಾವಿರ ಆಗುತ್ತದೆ ಅಂದರು. ಇನ್ನೊಬ್ಬರು ಫ್ಯೂಸ್ ಕಿತ್ತು ಹಾಗೇ ಓಡಿಸಿ ಅಂದರು. ಏನು ಮಾಡಲಿ? ಅಪ್ಪನನ್ನು ಕೂರಿಸಿಕೊಂಡು ಹೋಗಬಹುದಾ?

ಗೋಕಾಕದಿಂದ:

ಅಕ್ಕಾ, ಮೊದಲು ಧೈರ್ಯದ ಮಾತು. ಬರೀ ಹಳದಿ ಲೈಟ್ ಇದ್ದರೆ ಎಬಿಎಸ್ ಮಾತ್ರ ಬಂದ್ ಆಗಿದೆ, ಮಾಮೂಲಿ ಬ್ರೇಕ್ ಇದ್ದೇ ಇರುತ್ತದೆ. ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು, ಅಷ್ಟೇ. ಆದರೆ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಬ್ರೇಕಿನ ಕೆಂಪು ಲೈಟ್ ಜೊತೆಗೆ ಉರಿಯುತ್ತಿದ್ದರೆ ಗಾಡಿ ಹೊರಗೆ ತೆಗೆಯಲೇಬೇಡಿ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಆ ದಿನ ಬೇರೆ ಗಾಡಿ ನೋಡಿಕೊಳ್ಳಿ.

ಮುಧೋಳದಿಂದ, ಆಟೋ ಎಲೆಕ್ಟ್ರಿಷಿಯನ್:

ಅಕ್ಕಾ, 40 ಸಾವಿರ ಕೊಡಬೇಡಿ. ಫ್ಯೂಸೂ ಕೀಳಬೇಡಿ. ನೀವು ಹೇಳಿದ್ದನ್ನು ನೋಡಿದರೆ ಇವು ಎರಡು ಬೇರೆ ಬೇರೆ ತೊಂದರೆ ಅನಿಸುತ್ತದೆ.

ಬೆಳಗಿನ ಲೈಟಿನದು ಮೊದಲು. ಅದು ಯಾವಾಗ ಹತ್ತುತ್ತದೆ ಅಂತ ಗಮನ ಕೊಟ್ಟು ನೋಡಿ. ಸ್ಟಾರ್ಟ್ ಮಾಡಿದ ಕೂಡಲೇ ಹತ್ತಿ ಹಾಗೇ ಉಳಿಯುತ್ತಾ? ಅಥವಾ ಒಮ್ಮೆ ಆರಿ, ಗಾಡಿ ಸ್ವಲ್ಪ ಓಡಿದ ಮೇಲೆ ಮತ್ತೆ ಬರುತ್ತಾ? ಮೊದಲನೆಯದಾದರೆ ನನ್ನ ಕೈ ಹೋಗುವುದು ಬ್ಯಾಟರಿಗೆ. ಚಳಿಯಲ್ಲಿ ಬ್ಯಾಟರಿಯ ಕಸುವು ಕಡಿಮೆ, ಎಂಜಿನ್ ಆಯಿಲ್ ಗಟ್ಟಿ, ಡೀಸೆಲ್ ಎಂಜಿನ್ ತಿರುಗಿಸಲು ಜಾಸ್ತಿ ಕರೆಂಟ್ ಬೇಕು. ಆ ಹೊತ್ತಿಗೆ ವೋಲ್ಟೇಜ್ ಕುಸಿದರೆ ಎಬಿಎಸ್ ಕಂಪ್ಯೂಟರ್ ತನಗೆ ಸಾಕಷ್ಟು ಕರೆಂಟ್ ಇಲ್ಲ ಅಂತ ಕೆಲಸ ಬಿಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿಯಿರಿ. 12.6 ಹತ್ತಿರ ಇದ್ದರೆ ಚೆನ್ನಾಗಿದೆ, 12.2ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಸೋತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಸಿನೀರು ಹಾಕಿ ತೊಳೆದು ಬಿಗಿ ಮಾಡಿ. ಎಷ್ಟೋ ಗಾಡಿಗಳದ್ದು ಇಷ್ಟರಲ್ಲೇ ಮುಗಿದಿದೆ.

ಓಡಿದ ಮೇಲೆ ಬಂದರೆ ಚಕ್ರದ ಸೆನ್ಸರ್ ಕಡೆ ನೋಡಬೇಕು. ಚಕ್ರದ ವೇಗ ಅಳೆಯಲು ಪ್ರತಿ ಚಕ್ರಕ್ಕೂ ಒಂದೊಂದು ಇರುತ್ತದೆ. ಅದರ ತುದಿಗೂ ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗಿಗೂ ನಡುವೆ ಹೆಚ್ಚುಕಡಿಮೆ ಒಂದು ಮಿ.ಮೀ. ಜಾಗ ಅಷ್ಟೇ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಎರೆ ಮಣ್ಣು ಮೆತ್ತುತ್ತವೆ. ಅದು ಒಣಗಿದರೆ ಸಿಮೆಂಟ್ ಥರ. ಜೊತೆಗೆ ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಸೆನ್ಸರ್ ತುದಿಗೆ ಅಂಟಿಕೊಳ್ಳುತ್ತದೆ. ಕನೆಕ್ಟರ್ ಒಳಗೆ ಇಬ್ಬನಿ ಕೂತರೆ ಬೆಳಗ್ಗೆ ಸಿಗ್ನಲ್ ಹೋಗುತ್ತದೆ, ಬಿಸಿಲಿಗೆ ಒಣಗಿದ ಮೇಲೆ ಬರುತ್ತದೆ.

ಹೋದ ಹಂಗಾಮಿನಲ್ಲಿ ಒಂದು ಗಾಡಿ ಬಂದಿತ್ತು. ರಸ್ತೆಯಲ್ಲಿ ಬಿದ್ದ ರವದಿ (ಕಬ್ಬಿನ ಒಣ ಸೋಗೆ) ಬಲಗಡೆ ಮುಂದಿನ ಚಕ್ರದ ಒಳಗೆ ಸುತ್ತಿಕೊಂಡು ಸೆನ್ಸರ್ ವೈರನ್ನು ಜಗ್ಗಿತ್ತು. ಹೊರಗಿಂದ ನೋಡಿದರೆ ವೈರಿಗೆ ಗೀರೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಗೇಣು ಗೇಣಿಗೆ ಮೆಲ್ಲಗೆ ಎಳೆಯುತ್ತಾ ಹೋದೆ. ಒಂದು ಕಡೆ ರಬ್ಬರ್ ಥರ ಉದ್ದ ಆಯಿತು. ಸಿಪ್ಪೆ ಬಿಡಿಸಿದರೆ ಒಳಗೆ ತಾಮ್ರ ಹಸಿರಾಗಿ ಪುಡಿಪುಡಿ. ಅದಕ್ಕೂ ಮೊದಲು ಬೇರೆ ಕಡೆ ಹೊಸ ಸೆನ್ಸರ್ ಹಾಕಿಸಿದ್ದರು, ಸುಮ್ನೆ ದುಡ್ಡು ದಂಡ. ಮುರಿದದ್ದು ಬಾಡಿ ಕಡೆಯ ವೈರು.

ಇನ್ನು ಆ ಗರಗರ. ನನಗೆ ರಿಂಗ್ ಮೇಲೆಯೇ ಅನುಮಾನ. ಅದರ ಕೆಳಗೆ ತುಕ್ಕು ಉಬ್ಬಿ ರಿಂಗ್ ಸೀಳು ಬಿಡುತ್ತದೆ. ಸೀಳು ಸೆನ್ಸರ್ ಮುಂದೆ ಬಂದಾಗಲೆಲ್ಲ ಸಿಗ್ನಲ್ ತಪ್ಪುತ್ತದೆ. ನಿಧಾನ ಹೋಗುವಾಗ, 10 ಕಿ.ಮೀ. ಆಸುಪಾಸಿನಲ್ಲಿ, ಈ ಚಕ್ರ ಲಾಕ್ ಆಗುತ್ತಿದೆ ಅಂತ ಕಂಪ್ಯೂಟರ್ ತಪ್ಪು ತಿಳಿದು ಬ್ರೇಕ್ ಸಡಿಲಿಸುತ್ತದೆ. ಅದಕ್ಕೇ ಗಾಡಿ ಮೊಳ ಮುಂದೆ ಹೋಗುವುದು. ಹೀಗಾದಾಗ ಲೈಟ್ ಹತ್ತಲೇಬೇಕು ಅಂತೇನಿಲ್ಲ. ಬೆಳಗ್ಗೆ ಲೈಟ್ ಇದ್ದಾಗ ಗರಗರ ಬರುವುದಿಲ್ಲ ಅಲ್ವಾ? ಆಗ ಎಬಿಎಸ್ಸೇ ಬಂದ್ ಇರುತ್ತದೆ, ಅದಕ್ಕೆ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಲು ಹೇಳಿ. ಕೆಲವು ಕಾರಿನಲ್ಲಿ ಹಲ್ಲಿನ ರಿಂಗ್ ಬದಲು ಬೇರಿಂಗ್ ಒಳಗೇ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಅಂಥ ಗಾಡಿಗೆ ಇತ್ತೀಚೆಗೆ ಬೇರಿಂಗ್ ಬದಲಿಸಿದ್ದರೆ ತಿರುಗುಮುರುಗಾಗಿ ಕೂರಿಸಿದ್ದಾರಾ ಅಂತ ಮೊದಲು ಕೇಳಿ.

ಸ್ಕ್ಯಾನರ್ ಹಾಕಿಸುವುದಾದರೆ ಎಬಿಎಸ್ ಓದುವಂಥದ್ದೇ ಬೇಕು. ಮೊಬೈಲಿಗೆ ಸೇರಿಸುವ ಅಗ್ಗದವು ಬಹಳಷ್ಟು ಎಂಜಿನ್ ದೋಷದ ಕೋಡ್ ಮಾತ್ರ ಓದುತ್ತವೆ. ಕೋಡ್ ಅಳಿಸಿ ಕಳಿಸಿದರೆ ಒಪ್ಪಬೇಡಿ. ಒಬ್ಬರು 20ರ ವೇಗದಲ್ಲಿ ಓಡಿಸಲಿ, ಪಕ್ಕದಲ್ಲಿ ಕೂತವರು ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ವೇಗ ನೋಡಲಿ. ಯಾವುದು ನಡುನಡುವೆ ಸೊನ್ನೆಗೆ ಬೀಳುತ್ತದೋ ಅದೇ ಕಳ್ಳ. ಇಷ್ಟು ನೋಡದೆ ಯೂನಿಟ್ ಬದಲಿಸಿ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ಯೂನಿಟ್ ಹೋಗುವುದೇ ಇಲ್ಲ ಅಂತಲ್ಲ, ಆದರೆ ಅದು ಕೊನೆಗೆ ನೋಡುವ ಮಾತು.

ಬೆಳಗಾವಿ ಹತ್ತಿರದ ಹಳ್ಳಿಯಿಂದ, ನಿವೃತ್ತ ಸೈನಿಕ:

ತಂಗೀ, ರಿಪೇರಿ ಆಗುವವರೆಗೆ ಓಡಿಸುವುದರ ಬಗ್ಗೆ ನಾನು ಹೇಳುತ್ತೇನೆ. ಕಾಶ್ಮೀರದ ಕಡೆ ಹಿಮದಲ್ಲಿ ಲಾರಿ ಓಡಿಸಿದವನು ನಾನು. ಆ ಲಾರಿಗಳಿಗೆ ಎಬಿಎಸ್ ಇರಲಿಲ್ಲ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸುವುದು ಕಾಲಿಗೆ ರೂಢಿ ಆಗಿತ್ತು. ಮನೆಗೆ ಎಬಿಎಸ್ ಕಾರು ಬಂದಾಗ ಆ ರೂಢಿ ಬಿಡಲು ನನಗೆ ಒಂದು ವರ್ಷ ಹಿಡಿಯಿತು. ಎಬಿಎಸ್ ಕೆಲಸ ಮಾಡುತ್ತಿದ್ದರೆ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕಾಲಡಿ ನಡುಗಿದರೂ ಬಿಡಬಾರದು, ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬೇಕು. ಲೈಟ್ ಹತ್ತಿದ್ದರೆ ಮಾತ್ರ ನಮ್ಮ ಹಳೇ ಲಾರಿ ಪದ್ಧತಿ.

ಇನ್ನೊಂದು ಮಾತು. ಸಡಿಲ ಹಿಮದಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಹಿಮ ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ತಿರುಗಲು ಬಿಡುವುದರಿಂದ ಗಾಡಿ ಇನ್ನೂ ಮುಂದೆ ಹೋಗುತ್ತದೆ. ಸಡಿಲ ಜಲ್ಲಿಯಲ್ಲೂ ಹಾಗೇ. ನಮ್ಮಲ್ಲಿ ಹಿಮ ಇಲ್ಲ, ಆದರೆ ಇಬ್ಬನಿಯಲ್ಲಿ ನೆನೆದ ರವದಿ ಇದೆ, ಹಸಿ ಎರೆ ಮಣ್ಣು ಇದೆ. ಅದರ ಮೇಲೆ ಟೈರಿಗೆ ಹಿಡಿತವೇ ಸಿಗುವುದಿಲ್ಲ, ಎಬಿಎಸ್ ಸರಿ ಇದ್ದರೂ ಗಾಡಿ ಬೇಗ ನಿಲ್ಲದು. ಮಂಜಿನಲ್ಲಿ ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಲಿ ತೀರಾ ಹತ್ತಿರ ಬಂದ ಮೇಲೆ ಕಾಣುತ್ತದೆ. ಕೃಷ್ಣಾ ದಾಟುವಾಗ 30ಕ್ಕೆ ಇಳಿಸು. ಹೈ ಬೀಮ್ ಹಾಕಬೇಡ, ಮಂಜು ಬೆಳ್ಳಗೆ ಗೋಡೆ ಥರ ಕಾಣುತ್ತದೆ. ಆಸ್ಪತ್ರೆಗೆ ಹತ್ತು ನಿಮಿಷ ತಡ ಆದರೂ ನಡೆಯುತ್ತದೆ.

ಖಾನಾಪುರದಿಂದ:

ಎರಡೇ ಮಾತು. ಒಂದು ಚಕ್ರಕ್ಕೆ ಮಾತ್ರ ಬೇರೆ ಸೈಜಿನ ಟೈರ್ ಹಾಕಿಸಿದ್ದಕ್ಕೆ ನನ್ನ ಕಾರಿನಲ್ಲಿ ಇದೇ ಲೈಟ್ ಬಂದಿತ್ತು, ಅದನ್ನೂ ನೋಡಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಬದಲಿಸಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎಬಿಎಸ್ ಒಳಗಿನ ಸಣ್ಣ ವಾಲ್ವ್‌ಗಳಿಗೆ ತುಕ್ಕು ಹಿಡಿಯುತ್ತದೆ. ಚೋರ್ಲಾ ಘಾಟ್ ಇಳಿಯುವವರಿಗಂತೂ ಹಳೇ ಆಯಿಲ್ ಬೇಡವೇ ಬೇಡ. ಆಯಿಲ್ ಬಿಸಿಯಾದರೆ ಪೆಡಲ್ ಮೆತ್ತಗಾಗುತ್ತದೆ.

ಮತ್ತೆ ಜಮಖಂಡಿಯಿಂದ, ಒಂಬತ್ತು ದಿನ ಆದ ಮೇಲೆ:

ಎಲ್ಲರಿಗೂ ಕೈಮುಗಿಯುತ್ತೇನೆ. ಮುಧೋಳದ ಅಣ್ಣಾರು ಹೇಳಿದ್ದೇ ನಿಜ, ಎರಡು ಬೇರೆ ಬೇರೆ ತೊಂದರೆ. ಬೆಳಗ್ಗೆ ಬ್ಯಾಟರಿ 11.9 ತೋರಿಸಿತು, ಐದು ವರ್ಷದ್ದು. ಬದಲಿಸಿದ ಮರುದಿನವೇ ಲೈಟ್ ಸರಿಯಾಯಿತು, ಆದರೆ ಗರಗರ ಉಳಿದಿತ್ತು. ಚಕ್ರ ಎತ್ತಿಸಿ ನಾನೇ ಟಾರ್ಚ್ ಹಿಡಿದೆ. ಎಡಗಡೆ ಮುಂದಿನ ರಿಂಗಿನಲ್ಲಿ ಉಗುರು ಸಿಕ್ಕುವಷ್ಟು ಸೀಳು, ಅದರ ಕೆಳಗೆ ಕೆಂಪು ತುಕ್ಕು ಪದರ ಪದರವಾಗಿ ಎದ್ದಿತ್ತು. ತುಕ್ಕು ಉಜ್ಜಿ ಹೊಸ ರಿಂಗ್ ಹಾಕಿದರು. ಬ್ಯಾಟರಿ, ರಿಂಗ್, ಕೂಲಿ ಎಲ್ಲ ಸೇರಿ 9,000 ಒಳಗೆ ಮುಗಿಯಿತು. ಇವತ್ತು ಅಪ್ಪನನ್ನು ಕರೆದುಕೊಂಡು ಹೋಗಿ ಬಂದೆ. ಸೇತುವೆ ಮೇಲೆ ಮಂಜು ದಟ್ಟವಾಗಿತ್ತು, ಕಾಕಾ ಹೇಳಿದ ಹಾಗೆ 30ರಲ್ಲೇ ದಾಟಿದೆ. ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದೆ, ಶನಿವಾರ ಬದಲಿಸಲು ಹೇಳಿದ್ದೇನೆ.