ಸಹಾಯ ಬೇಕು: ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ಮೇಲೆ ಅಪ್ಪ ಮಂಕಾಗಿದ್ದಾರೆ

ನಮಸ್ಕಾರ, ನಾವು ಅಂಕೋಲೆಯವರು. ಅಪ್ಪನಿಗೆ ಎದೆನೋವು ಬಂದ ಮೇಲೆ ಡಾಕ್ಟರು ಅಟೊರ್ವಾಸ್ಟಾಟಿನ್ ಕೊಟ್ಟಿದ್ದಾರೆ. ಆಮೇಲೆ ಅವರು ತುಂಬಾ ಬದಲಾಗಿದ್ದಾರೆ. ಯಕ್ಷಗಾನ ಅಂದರೆ ಬೆಳಗಿನ ತನಕ ಕೂರುವವರು, ಈಗ ಗೇಟಿನ ಆಚೆ ಹೋಗುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ಮೀನು ಸಾರು ಮಾಡಿದರೂ ಎರಡು ತುತ್ತು, ಅಷ್ಟೇ. ನೋಡೋಕೆ ಸಂಕಟ ಆಗುತ್ತದೆ.

ಇದು ಮಾತ್ರೆಯಿಂದಲೇ ಅಂತ ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಕರು 2009ರಲ್ಲೇ ಸ್ಟಾಟಿನ್‌ಗಳ (ಅಪ್ಪನ ಮಾತ್ರೆಯಂಥ ಕೊಲೆಸ್ಟ್ರಾಲ್ ಇಳಿಸುವ ಔಷಧಗಳ) ಅಡ್ಡಪರಿಣಾಮಗಳಲ್ಲಿ ನಿದ್ದೆಗೇಡು, ಖಿನ್ನತೆ ಎರಡನ್ನೂ ಸೇರಿಸಿದ್ದಾರೆ. ಆದರೆ ದೊಡ್ಡ ಅಧ್ಯಯನಗಳಲ್ಲಿ ಖಿನ್ನತೆ ಜಾಸ್ತಿಯಾಗಿದ್ದು ಕಂಡಿಲ್ಲ. ಹೃದಯದ ತೊಂದರೆ ಆದವರಿಗೆ ಮಾತ್ರೆ ಇಲ್ಲದೆಯೂ ಖಿನ್ನತೆ ಬರಬಹುದು, ಅಲ್ವಾ? ಥೈರಾಯ್ಡ್ ಕಡಿಮೆಯಾದರೆ ಮನಸ್ಸೂ ಕುಗ್ಗುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಆ ಟೆಸ್ಟ್ ಅಪ್ಪನಿಗೆ ಇನ್ನೂ ಆಗಿಲ್ಲ, ಈ ವಾರ ಮಾಡಿಸುತ್ತೇವೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಡಾಕ್ಟರು ಡೋಸ್ ಇಳಿಸಿದರಾ, ರೊಸುವಾಸ್ಟಾಟಿನ್ ಅನ್ನುವ ಇನ್ನೊಂದು ಸ್ಟಾಟಿನ್‌ಗೆ ಬದಲಿಸಿದರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡುವವನಿದ್ದೇನೆ. ಆದರೂ ಎದುರು ಕೂತು ಮಾತಾಡಿದರೆ ಅಪ್ಪನಿಗೆ ಒಳ್ಳೆಯದು. ಕಾರವಾರ, ಕುಮಟಾ, ಶಿರಸಿ ಕಡೆ ವಯಸ್ಸಾದವರ ಜೊತೆ ತಾಳ್ಮೆಯಿಂದ ಮಾತಾಡುವ ಮನೋವೈದ್ಯರು ಗೊತ್ತಿದ್ದರೆ ತಿಳಿಸಿ. ಮಾತ್ರೆ ನಿಲ್ಲಿಸಿಬಿಡಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಿದರೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚುತ್ತದೆ.