ಇಎಂಡಿಆರ್: ಬೆರಳು ಆಡಿಸಿದ್ರ ಕೆಟ್ಟ ನೆನಪು ಹೆಂಗ ತಣ್ಣಗಾಗ್ತದ?

ಬಿಸಿಲನಾಡು_ಕೊಪ್ಪಳ
ತಿಳಿದೋರು ಸ್ವಲ್ಪ ಬಿಡಿಸಿ ಹೇಳ್ರಿ. 50ನೇ ಹೆದ್ದಾರಿ ಮ್ಯಾಲ ಅಪಘಾತ ಆದ ಲಾರಿ ಡ್ರೈವರ್‌ಗಳು ಸಮಾಲೋಚನೆಗೆ ಬರ್ತಾರ. ತಿಂಗಳುಗಟ್ಟಲೆ ಆದ್ರೂ ಸ್ಟೇರಿಂಗ್ ಮುಟ್ಟಾಕ ಹೆದರ್ತಾರ. ಗುಳಿಗಿ ತಗೊಂಡ್ರ ನಿದ್ದಿ ಬರ್ತದ, ಆದ್ರ ಆ ದೃಶ್ಯ ಕಣ್ಣ ಮುಂದಿಂದ ಹೋಗವಲ್ದು. ಸೈಕಿಯಾಟ್ರಿಸ್ಟ್ ಇಎಂಡಿಆರ್ (ಕೆಟ್ಟ ನೆನಪು ಮನಸಿನಾಗ ಹಿಡ್ಕೊಂಡು, ಆಡೋ ಬೆರಳನ್ನ ಕಣ್ಣಿಂದ ಹಿಂಬಾಲಿಸೋ ಮಾನಸಿಕ ಚಿಕಿತ್ಸೆ) ಮಾಡಿಸ್ರಿ ಅಂತ ಬರದ್ರ, ಮನಿಯವ್ರು "ವಶೀಕರಣ ಏನ್ರಿ ಇದು? ಮರೆವು ಬರಸ್ತಾರೇನು?" ಅಂತಾರ. ಅವ್ರಿಗೆ ಏನ್ ಹೇಳೋದು? ಸೆಷನ್ನಿನಾಗ ನಿಜಕ್ಕೂ ಏನ್ ನಡೀತದ? ಯೂಟ್ಯೂಬ್‌ನಾಗ ಚುಕ್ಕಿ ಅತ್ತಿತ್ತ ಓಡೋ ವಿಡಿಯೋ ಅದಾವಲ್ಲ, ಅವು ನಡೀತಾವ?

ತುಂಗಾತೀರ_ಕ್ಲಿನಿಕಲ್
ಮೊದಲು ಮನೆಯವರ ಪ್ರಶ್ನೆ. ವಶೀಕರಣವೂ ಅಲ್ಲ, ಸಮ್ಮೋಹನವೂ ಅಲ್ಲ. ಆ ವ್ಯಕ್ತಿ ಪೂರ್ತಿ ಎಚ್ಚರದಲ್ಲಿರ್ತಾರೆ, ಬೇಡ ಅನ್ನಿಸಿದ ಕ್ಷಣ ಕೈ ಎತ್ತಿ ನಿಲ್ಲಿಸಬಹುದು. ನೆನಪು ಅಳಿಸಿಹೋಗುವುದಿಲ್ಲ. ಅಪಘಾತ ಆಯ್ತು ಅನ್ನೋದು ನೆನಪಿರುತ್ತೆ, ನೆನೆದಾಗಲೆಲ್ಲ ಮೈ ನಡುಗೋದು ಕಡಿಮೆಯಾಗುತ್ತೆ. ಅಷ್ಟೇ ಹೇಳಿ, ಹೆಚ್ಚು ಭರವಸೆ ಕೊಡಬೇಡಿ.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೋ ಇದನ್ನು ರೂಪಿಸೋಕೆ ಶುರು ಮಾಡಿದರು, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. ಆಘಾತದ ನಂತರದ ಒತ್ತಡ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, 2013ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದನ್ನೂ ಆಘಾತ ಕೇಂದ್ರಿತ ಸಿಬಿಟಿಯನ್ನೂ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಶಿಫಾರಸು ಮಾಡಿದೆ.

ಒಟ್ಟು ಎಂಟು ಹಂತ. ಜನ ನೋಡೋದು ನಾಲ್ಕನೆಯದನ್ನು ಮಾತ್ರ, ಬೆರಳು ಆಡಿಸೋದನ್ನು. ಹಣೆಬರಹ ನಿರ್ಧಾರ ಆಗೋದು ಅದಕ್ಕಿಂತ ಮುಂಚಿನ ಮೂರರಲ್ಲಿ: ಇತಿಹಾಸ ಕೇಳೋದು, ತಯಾರಿ, ಗುರಿ ಹಿಡಿಯೋದು. ತಯಾರಿ ಅಂದರೆ ಮನಸ್ಸು ಕದಡಿದಾಗ ಇವರು ತಾವೇ ತಣ್ಣಗಾಗೋದನ್ನು ಕಲಿತಿರಬೇಕು. ಹಿತವಾದ ಒಂದು ಜಾಗ ನೆನೆಸಿಕೊಂಡು ಅಲ್ಲಿಗೆ ಹೋಗಿ ವಾಪಸ್ ಬರೋದು, ಉಸಿರಾಟ, ಕಾಲು ನೆಲಕ್ಕೆ ಊರಿ ಕೂರೋದು. ಇದು ಕೆಲವರಿಗೆ ಒಂದೇ ಸಲಕ್ಕೆ ಬರುತ್ತೆ, ಚಿಕ್ಕಂದಿನಿಂದ ಹೊಡೆತ ತಿಂದವರಿಗೆ ವಾರಗಳೇ ಬೇಕು.

ಗುರಿ ಹಿಡಿಯುವಾಗ ಕೇಳೋದು ಹೀಗೆ. ಆ ಘಟನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದು? ಎದುರಿನ ಲಾರಿಯ ಹೆಡ್‌ಲೈಟ್ ಅಂದರು ಅನ್ಕೊಳ್ಳಿ. ಅದನ್ನು ನೋಡ್ತಾ ನಿಮ್ಮ ಬಗ್ಗೆ ನಿಮಗೇನು ಅನ್ನಿಸುತ್ತೆ? ಇಲ್ಲೇ ಹೊಸಬರು ಎಡವೋದು. "ಲಾರಿ ರಾಂಗ್ ಸೈಡಿಗೆ ಬಂತು" ಅನ್ನೋದು ಸಂಗತಿ, ಅದನ್ನು ಬರೆದುಕೊಂಡರೆ ಉಪಯೋಗವಿಲ್ಲ. "ನನ್ನ ಕೈಯಾಗ ಏನೂ ಇಲ್ಲ" ಅಥವಾ "ನನ್ನಿಂದಾನೇ ಆತು", ಅದು ಬೇಕಾದ ಮಾತು. ಅದರ ಬದಲು ಏನು ನಂಬಬೇಕು ಅಂತ ಆಸೆ? "ಈಗ ನಾನು ಸುರಕ್ಷಿತ" ಅಂದರೆ, ಅದು ಈಗ ಎಷ್ಟು ನಿಜ ಅನ್ನಿಸುತ್ತೆ ಅಂತ 1ರಿಂದ 7ರ ಅಳತೆಯಲ್ಲಿ ಕೇಳ್ತಾರೆ. ಸಂಕಟ ಎಷ್ಟು ಅನ್ನೋದು 0ಯಿಂದ 10. ಕೊನೆಗೆ, ಮೈಯಲ್ಲಿ ಎಲ್ಲಿ? ನಮ್ಮ ಕಡೆ ಜನ ಭಾವನೆಯ ಹೆಸರು ಹೇಳೋದು ಕಡಿಮೆ, "ಎದಿ ಧಸಕ್ಕಂತದ", "ಹೊಟ್ಟ್ಯಾಗ ಕಲಸ್ತದ" ಅಂತಾರೆ. ಈ ಚಿಕಿತ್ಸೆಗೆ ಅದೇ ಅನುಕೂಲ, ಬಿಡಿಸಿ ಕೇಳೋ ಕಷ್ಟ ಇಲ್ಲ.

ಅಂಕಿ ಹೇಳೋಕೆ ಬರದವರ ಮುಂದೆ ಹತ್ತು ಶೇಂಗಾ ಬೀಜ ಇಡಿ. "ಈಗ ಎಷ್ಟು ತ್ರಾಸ ಅದ, ಅಷ್ಟು ಈ ಕಡೆ ಸರಸ್ರಿ" ಅನ್ನಿ.

ಆಮೇಲೆ ಬೆರಳು. ಕುರ್ಚಿಗಳನ್ನು ಎದುರುಬದುರು ಇಡಲ್ಲ, ಪಕ್ಕಕ್ಕೆ ಸರಿಸಿ ಓರೆಯಾಗಿ ಇಡ್ತಾರೆ. ಎರಡು ಬೆರಳು ಮುಖದಿಂದ ಸುಮಾರು 30-35 ಸೆಂ.ಮೀ. ದೂರ. ತಲೆ ಆಡಿಸದೆ ಕಣ್ಣಿಂದ ಮಾತ್ರ ಹಿಂಬಾಲಿಸಬೇಕು, ಹೋಗಿ ಬಂದರೆ ಒಂದು. ಸುಮಾರು 24 ಸಲ ಆದರೆ ಒಂದು ಸೆಟ್. ವೇಗ ಕಣ್ಣಿಗೆ ಸಹಿಸೋ ಮಟ್ಟಿಗೆ ಚುರುಕಾಗಿರಬೇಕು. ನಿಲ್ಲಿಸಿ "ಉಸಿರು ತಗೊಳ್ಳಿ, ಈಗೇನು ಬರ್ತಾ ಇದೆ?" ಅಂತ ಕೇಳ್ತಾರೆ. ಏನು ಹೇಳಿದರೂ ವ್ಯಾಖ್ಯಾನ ಮಾಡಲ್ಲ, ಸಮಾಧಾನ ಹೇಳಲ್ಲ. "ಅದನ್ನೇ ಗಮನಿಸಿ" ಅಂತ ಮುಂದಿನ ಸೆಟ್. ಬಾಯಿ ಮುಚ್ಚಿಕೊಂಡಿರೋದು ಸಮಾಲೋಚಕರಿಗೆ ಬಲು ಕಷ್ಟದ ಪಾಠ!

ಸಂಕಟ 0ಗೆ ಇಳಿದ ಮೇಲೆ ಒಳ್ಳೆಯ ನಂಬಿಕೆಯನ್ನು ಆ ಚಿತ್ರಕ್ಕೆ ಜೋಡಿಸಿ 7ರ ಹತ್ತಿರ ತರ್ತಾರೆ. ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಬಿಗಿ ಉಳಿದಿದೆಯಾ ಅಂತ ನೋಡ್ತಾರೆ. ಆಮೇಲೆ ಮುಕ್ತಾಯ. ಮುಂದಿನ ಸಲ ಬಂದಾಗ ಮರುಪರಿಶೀಲನೆ.

ಸಂಡೂರು_ಸಂದೇಹಿ
ಮೇಲಿನದು ಸರಿ. ಆದರೆ ಕಣ್ಣು ಆಡಿಸೋದರ ಬಗ್ಗೆ ಭಕ್ತಿ ಬೇಡ. 2001ರಲ್ಲಿ ಡೇವಿಡ್ಸನ್, ಪಾರ್ಕರ್ ಅನ್ನೋ ಸಂಶೋಧಕರು ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ ಅಂದರು. 2013ರಲ್ಲಿ ಲೀ, ಕ್ವೈಪರ್ಸ್ ಮತ್ತೆ ಲೆಕ್ಕ ಹಾಕಿ, ಲಾಭ ಇದೆ ಅಂದರು. ವಾದ ಇನ್ನೂ ಮುಗಿದಿಲ್ಲ.

"ಎಡ ಮೆದುಳು ಬಲ ಮೆದುಳು ಮಾತಾಡ್ಕೊಳ್ತಾವೆ" ಅನ್ನೋ ವಿವರಣೆಯನ್ನು ಮಾತ್ರ ಯಾರಿಗೂ ಹೇಳಬೇಡಿ. ಪ್ರಯೋಗಗಳಲ್ಲಿ ಕಣ್ಣನ್ನು ಮೇಲೆ ಕೆಳಗೆ ಆಡಿಸಿದರೂ ನೆನಪಿನ ತೀವ್ರತೆ ಇಳಿದಿದೆ. ಗಟ್ಟಿಯಾಗಿರೋ ವಿವರಣೆ ವರ್ಕಿಂಗ್ ಮೆಮೊರಿಯದು. ಮನಸ್ಸು ಒಂದೇ ಹೊತ್ತಿಗೆ ಹಿಡಿದುಕೊಳ್ಳೋ ಜಾಗ ಚಿಕ್ಕದು. ಕೆಟ್ಟ ಚಿತ್ರ ಹಿಡಿದುಕೊಂಡು ಬೆರಳನ್ನೂ ಹಿಂಬಾಲಿಸಬೇಕಾದರೆ ಚಿತ್ರಕ್ಕೆ ಜಾಗ ಸಾಲಲ್ಲ, ಮಸುಕಾಗುತ್ತೆ. ಮಸುಕಾದ ರೂಪದಲ್ಲೇ ಅದು ಮತ್ತೆ ಸಂಗ್ರಹವಾಗುತ್ತೆ ಅನ್ನೋದು ಊಹೆ. ಹಾಗಾಗಿಯೇ ಬೆರಳು ತೀರಾ ನಿಧಾನ ಹೋದರೆ ಕೆಲಸ ಆಗಲ್ಲ, ಮನಸ್ಸಿಗೆ ಹೊರೆಯೇ ಬೀಳಲ್ಲ. ಬೆರಳಿನ ಬದಲು ಕಿವಿಗೆ ಬೀಪ್ ಸದ್ದು ಕೊಡೋದು ಕಣ್ಣಿನಷ್ಟು ಪರಿಣಾಮಕಾರಿ ಅಲ್ಲ ಅಂತಲೂ ಹೋಲಿಸಿ ನೋಡಿದ್ದಾರೆ.

ಕೋಟೆಬದಿ_ಬಳ್ಳಾರಿ
ಎಲ್ಲಿ ಕೆಡುತ್ತೆ ಅನ್ನೋದನ್ನು ಸೇರಿಸ್ತೀನಿ, ರೆಫರ್ ಮಾಡೋರಿಗೆ ಅದೇ ಮುಖ್ಯ.

ಒಂದು, ಹತ್ತು ನಿಮಿಷದ ಓಪಿಡಿ ಗದ್ದಲದಲ್ಲಿ ಇದು ಆಗದ ಮಾತು. 60ರಿಂದ 90 ನಿಮಿಷ, ಬಾಗಿಲು ಮುಚ್ಚೋ ಕೋಣೆ ಬೇಕು. ಸಮಯ ಮುಗೀತು ಅಂತ ಸಂಕಟ 7ರಲ್ಲಿರುವಾಗಲೇ ಎಬ್ಬಿಸಿ ಕಳಿಸಿದರೆ ಆ ರಾತ್ರಿ ಅವರಿಗೆ ನರಕ. ಮುಗಿಯದಿದ್ದರೂ ಕೊನೆಯ ಹದಿನೈದು ನಿಮಿಷ ಹಿತವಾದ ಜಾಗದ ಅಭ್ಯಾಸಕ್ಕೆ ಮೀಸಲಿಡಬೇಕು.

ಎರಡು, ಸಿಕ್ಕಿಹಾಕಿಕೊಳ್ಳೋದು. ಎರಡು ಸೆಟ್ ಆದರೂ ಏನೂ ಬದಲಾಗದಿದ್ದರೆ ದಿಕ್ಕು ಅಥವಾ ವೇಗ ಬದಲಿಸ್ತಾರೆ. ಆಗಲೂ ಇಲ್ಲ ಅಂದರೆ ಒಂದೇ ಒಂದು ಪ್ರಶ್ನೆ: "ನಿಮ್ಮ ತಮ್ಮ ಸ್ಟೇರಿಂಗ್ ಹಿಡಿದಿದ್ರ, ತಪ್ಪು ಅವನದು ಅಂತಿದ್ರೇನು?" ಉತ್ತರ ಚರ್ಚೆ ಮಾಡಲ್ಲ, ತಕ್ಷಣ ಸೆಟ್.

ಮೂರು, ಮಾತಾಡ್ತಾ ಮಾತಾಡ್ತಾ ಕಣ್ಣು ಶೂನ್ಯವಾಗಿ, ಕರೆದರೂ ಓಗೊಡದೆ ಕೂರೋರು. ಇವರಿಗೆ ತಯಾರಿ ಸಾಲದು ಅಂತ ಅರ್ಥ, ಮುಂದುವರಿಸಬಾರದು. ಹತೋಟಿಗೆ ಬಾರದ ಸೈಕೋಸಿಸ್ (ಇಲ್ಲದ್ದು ಕಾಣೋ, ಕೇಳೋ, ಭ್ರಮೆ ಹುಟ್ಟೋ ಕಾಯಿಲೆ), ಸಾಯೋ ಯೋಚನೆ ಜೋರಾಗಿರೋದು, ಕುಡಿತ ಬಿಡುವಾಗಿನ ನಡುಕ, ಇವೆಲ್ಲ ಇದ್ದರೆ ಮೊದಲು ಅವಕ್ಕೆ ಚಿಕಿತ್ಸೆ. ಫಿಟ್ಸ್ ಇದ್ದರೆ ನರರೋಗ ವೈದ್ಯರನ್ನು ಕೇಳಿ. ಕಣ್ಣಿನ ಆಪರೇಷನ್ ಇತ್ತೀಚೆಗೆ ಆಗಿದ್ದರೆ, ರೆಟಿನಾ ತೊಂದರೆ ಇದ್ದರೆ ಬೆರಳು ಬೇಡ, ಬದಲಿಗೆ ಎಡಗೈ ಬಲಗೈ ಮೇಲೆ ಒಂದಾದ ಮೇಲೊಂದು ತಟ್ಟೋ ವಿಧಾನ ಬಳಸಬಹುದು. ಹೆಣ್ಣುಮಕ್ಕಳಿಗೆ ಥೆರಪಿಸ್ಟ್ ಮುಟ್ಟಿ ತಟ್ಟೋದಕ್ಕಿಂತ, ಅವರೇ ಎದೆಯ ಮೇಲೆ ಕೈ ಅಡ್ಡಡ್ಡ ಇಟ್ಟು ಭುಜದ ಕಡೆ ಒಂದಾದ ಮೇಲೊಂದು ತಟ್ಟಿಕೊಳ್ಳೋ ಚಿಟ್ಟೆ ಅಪ್ಪುಗೆ ವಾಸಿ. ಮೆಕ್ಸಿಕೋದ ಅಕಾಪುಲ್ಕೊದಲ್ಲಿ ಚಂಡಮಾರುತ ಬಂದು ಹೋದ ಮೇಲೆ ಮಕ್ಕಳೊಂದಿಗೆ ಕೆಲಸ ಮಾಡುವಾಗ ಹುಟ್ಟಿದ ವಿಧಾನ ಅದು.

ಯೂಟ್ಯೂಬ್ ಚುಕ್ಕಿ? ಬೇಡ. ಚುಕ್ಕಿಯಿಂದ ಅಪಾಯವಿಲ್ಲ, ಒಳಗಿನದನ್ನು ತೆರೆದ ಮೇಲೆ ಮುಚ್ಚೋರು ಪಕ್ಕದಲ್ಲಿ ಇರಲ್ಲ ಅನ್ನೋದೇ ತೊಂದರೆ. ಮನೆಯಲ್ಲಿ ಮಾಡಬಹುದಾದ್ದು ಹಿತವಾದ ಜಾಗದ ಅಭ್ಯಾಸ ಒಂದೇ, ಅದೂ ನಿಧಾನವಾಗಿ, ನಾಲ್ಕಾರು ಸಲ ತಟ್ಟಿಕೊಂಡು.

ಬಿಸಿಲನಾಡು_ಕೊಪ್ಪಳ
ಭಾಳ ಉಪಕಾರ ಆತ್ರಿ. ಇನ್ನೊಂದೆರಡು: ಎಷ್ಟು ಸಲ ಹೋಗಬೇಕಾಗ್ತದ? ಸೆಷನ್ ಮುಗಿಸಿ ಅವತ್ತೇ ಗಾಡಿ ಹತ್ತಬಹುದಾ? ಮಾಡೋರು ಕಲಿತೋರು ಹೌದೋ ಅಲ್ಲೋ ಅಂತ ಹೆಂಗ ನೋಡೋದು?

ತುಂಗಾತೀರ_ಕ್ಲಿನಿಕಲ್
ಒಂದೇ ಅಪಘಾತ, ಬೇರೆ ಹಳೆಯ ಗಾಯ ಇಲ್ಲ ಅಂದರೆ ಪ್ರಕ್ರಿಯೆಗೆ ಮೂರರಿಂದ ಆರು ಸೆಷನ್ ಸಾಕಾಗಬಹುದು. ಪದರ ಪದರವಾಗಿ ಇದ್ದರೆ ಲೆಕ್ಕ ಹೇಳಬೇಡಿ. ಅವತ್ತು ಗಾಡಿ ಬೇಡ, ಜೊತೆಗೊಬ್ಬರು ಬರಲಿ. ಎರಡು ಮೂರು ದಿನ ವಿಚಿತ್ರ ಕನಸು, ಮರೆತಿದ್ದ ತುಣುಕು ಬರಬಹುದು, ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಮುಂದಿನ ಸಲ ತರಲಿ, ತಾವೇ ಕೆದಕೋದು ಬೇಡ.

ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಇಎಂಡಿಆರ್ ಬೇಸಿಕ್ ತರಬೇತಿ ಪೂರ್ತಿ ಆಗಿದೆಯಾ, ಮೇಲ್ವಿಚಾರಣೆಯಲ್ಲಿ ಕೇಸ್ ಮಾಡಿದ್ದಾರಾ ಅಂತ ನೇರವಾಗಿ ಕೇಳಿ, ಕಲಿತವರು ಬೇಜಾರು ಮಾಡಿಕೊಳ್ಳಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ, ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆಗಳಾದ ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ಬಸ್ ಹತ್ತೋ ಮುಂಚೆ ಫೋನ್ ಮಾಡಿ, ಆ ವಿಭಾಗದಲ್ಲಿ ಈಗ ಇಎಂಡಿಆರ್ ಮಾಡೋರು ಯಾವ ವಾರ ಸಿಗ್ತಾರೆ ಅಂತ ಖಾತ್ರಿ ಮಾಡ್ಕೊಳ್ಳಿ. ನಡುವೆ ರಾತ್ರಿ ಹೊತ್ತು ಯಾರಿಗಾದರೂ ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.